ವಾಕಿಂಗ್ ಮಾಡುವವರೂ ನಡೆಯುವವರೂ

ನಮ್ಮ ಬೆಂಗಳೂರಿನ ವಿದ್ಯಾವಂತರ ಮಾತಿನಲ್ಲಿ ಒಂದೇ ಕೆಲಸಕ್ಕೆ ಎರಡು ಹೆಸರುಗಳು ಹುಟ್ಟಿಕೊಂಡಿವೆ. ಒಂದು ‘ವಾಕಿಂಗ್ ಮಾಡುವುದು’, ಮತ್ತೊಂದು ‘ನಡೆದುಕೊಂಡು ಹೋಗುವುದು’. ಕಾಲುಗಳು ಮಾಡುವ ಕೆಲಸ ಎರಡರಲ್ಲಿಯೂ ಒಂದೇ. ಆದರೂ ಈ ಎರಡು ಮಾತುಗಳ ನಡುವೆ ಒಂದು ಜಾತಿಭೇದವೇ ಬೆಳೆದುಬಿಟ್ಟಿದೆ. ವಾಕಿಂಗ್ ಮಾಡುವವರು ಗೌರವಸ್ಥರು. ಅವರು ಬೆಳಿಗ್ಗೆ ಎದ್ದು, ಅದಕ್ಕೆಂದೇ ಕೊಂಡ ಬೂಟು ಹಾಕಿಕೊಂಡು, ಕಾರಿನಲ್ಲಿ ಕುಳಿತು ಉದ್ಯಾನಕ್ಕೆ ಹೋಗುತ್ತಾರೆ. ಕಾರನ್ನು ಉದ್ಯಾನದ ಹೊರಗಿನ ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸುತ್ತಾರೆ. ಒಳಗೆ ಗಾಣದೆತ್ತಿನಂತೆ ಏಳೆಂಟು ಸುತ್ತು ತಿರುಗಿ, ಕೈಗಡಿಯಾರ ಎಣಿಸಿಕೊಟ್ಟ ಹೆಜ್ಜೆಗಳ ಲೆಕ್ಕವನ್ನು ನೋಡಿ ತೃಪ್ತರಾಗಿ, ಹೊರಟ ಸ್ಥಳಕ್ಕೇ ಹಿಂತಿರುಗುತ್ತಾರೆ. ನಡೆದುಕೊಂಡು ಹೋಗುವವರು ಬೇರೆ ಜನ. ಮನೆಗೆಲಸಕ್ಕೆ ಬರುವ ಹೆಂಗಸು, ಬುಟ್ಟಿ ಹೊತ್ತ ಹೂವಿನವಳು, ಬಸ್ಸಿನಿಂದಿಳಿದ ಗಾರೆ ಕೆಲಸದವನು, ಶಾಲೆಯ ಮಕ್ಕಳು, ಇವರೆಲ್ಲ ಎಲ್ಲಿಗಾದರೂ ತಲುಪಲೇಬೇಕಾದವರು. ಕಾರು ನಿಂತ ಆ ಫುಟ್‌ಪಾತಿನಿಂದ ಕೆಳಗಿಳಿದು, ಮೋಟಾರುಗಳ ನಡುವೆ, ಜೀವವನ್ನು ಕೈಯಲ್ಲಿ ಹಿಡಿದುಕೊಂಡು ಇವರು ನಡೆಯುತ್ತಾರೆ.

ನನ್ನ ಜಗಳ ಆರೋಗ್ಯದೊಡನೆ ಅಲ್ಲ. ವೈದ್ಯರ ಮಾತನ್ನು ಪಾಲಿಸುವವರನ್ನು ಹೀಯಾಳಿಸುವುದರಲ್ಲಿ ನನಗೆ ಯಾವ ಸುಖವೂ ಇಲ್ಲ. ನಡಿಗೆಯನ್ನು ದಿನಕ್ಕೊಂದು ಗುಳಿಗೆಯಂತೆ ಸೇವಿಸಿ ಮುಗಿಸಿ, ಮಿಕ್ಕ ಹೊತ್ತೆಲ್ಲ ನೆಲಕ್ಕೆ ಕಾಲು ಸೋಕಿಸದೆ ಬಾಳುವ ಪದ್ಧತಿಯೊಂದು ಬಂದಿದೆಯಲ್ಲ, ಅದರೊಡನೆ ನನ್ನ ಜಗಳ. ಊರಿನಲ್ಲಿ ಯಾರ ಮಾತಿಗೆ ಬೆಲೆಯುಂಟೋ ಆ ವರ್ಗ ಊರೊಳಗೆ ನಡೆಯುವುದನ್ನು ಬಿಟ್ಟಿದ್ದರಿಂದ ಎರಡು ನಷ್ಟಗಳಾಗಿವೆ. ಒಂದು, ಆ ವರ್ಗಕ್ಕೆ ತನ್ನ ಊರೇ ತಿಳಿಯದಂತಾಯಿತು. ಎರಡು, ನಡೆಯಲೇಬೇಕಾದ ಬಡವರ ಪರವಾಗಿ ಕೇಳುವವರಿಲ್ಲದಂತಾಯಿತು. ಮೊದಲನೆಯದು ಅಜ್ಞಾನ, ಎರಡನೆಯದು ಅನ್ಯಾಯ. ಇವೆರಡೂ ಒಂದೇ ಬೇರಿನಿಂದ ಬಂದವು ಎಂಬುದೇ ನನ್ನ ವಾದ.

ಕನ್ನಡ ಪಾಠ ಹೇಳುವವನ ಕಣ್ಣು ಮೊದಲು ಶಬ್ದಗಳ ಮೇಲೆ ಬೀಳುವುದು ಸಹಜ. ನಮ್ಮ ಭಾಷೆಯಲ್ಲಿ ‘ನಡೆ’ ಎಂಬ ಧಾತುವಿನಿಂದಲೇ ‘ನಡತೆ’ ಬಂದಿದೆ, ‘ನಡವಳಿಕೆ’ ಬಂದಿದೆ. ಒಬ್ಬನು ಎಂಥವನೆಂದು ತಿಳಿಯಬೇಕಾದರೆ ಅವನ ನಡೆನುಡಿಯನ್ನು ನೋಡು ಎನ್ನುತ್ತೇವೆ. ನಡೆ ಮೊದಲು, ನುಡಿ ಆಮೇಲೆ. ನಮ್ಮಲ್ಲಿ ಅಂಗಡಿ ನಡೆಯುತ್ತದೆ, ಸಂಸಾರ ನಡೆಯುತ್ತದೆ, ರಾಜ್ಯವೂ ನಡೆಯುತ್ತದೆ. ಹನ್ನೆರಡನೆಯ ಶತಮಾನದ ಶರಣರು ಸ್ಥಾವರಕ್ಕಿಂತ ಜಂಗಮವೇ ಹೆಚ್ಚೆಂದರು. ಜಂಗಮವೆಂದರೆ ಚಲಿಸುವುದು ತಾನೆ? ದಾಸರು ತಂಬೂರಿ ಹಿಡಿದು ಊರೂರು ನಡೆದರು. ‘ಪಾದಚಾರಿ’ ಎಂಬ ಮಾತು ಸರಕಾರಿ ಫಲಕಗಳದು. ಮನೆಮಾತಿನಲ್ಲಿ ನಮಗಿದ್ದದ್ದು ‘ದಾರಿಹೋಕ’, ಎಂದರೆ ದಾರಿಯಲ್ಲಿ ಹೋಗುವ ಯಾರೇ ಆಗಲಿ. ನಡೆಯುವವರನ್ನು ಒಂದು ಪಂಗಡವಾಗಿ ಬೇರ್ಪಡಿಸಿ ಹೆಸರಿಡಬೇಕಾಗಿ ಬಂದದ್ದು, ಮಿಕ್ಕವರು ನಡೆಯುವುದನ್ನು ಬಿಟ್ಟ ಮೇಲೆ.

ಊರು ತಿಳಿಯದಂತಾಯಿತು ಎಂಬ ಮಾತು ಕಟುವೆನಿಸಬಹುದು. ಒಂದು ದಾರಿಯನ್ನೇ ಹಿಡಿದು ಪರೀಕ್ಷಿಸಿ ನೋಡೋಣ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯಿಂದ ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಗುಡಿಗೆ, ಹಳೆಯ ಪೇಟೆಯನ್ನು ಹಾಯ್ದು ಹೋದರೆ, ಸುಮಾರು ಎಂಟು ಕಿಲೋಮೀಟರು. ಕಾರಿನವರಿಗೆ ಇದು ಒಂದು ಗಂಟೆಯ ಪೀಡೆ. ಮೆಟ್ರೋದವರಿಗೆ ಬಹುಪಾಲು ನೆಲದಡಿಯ ಕತ್ತಲೆ. ಕಳೆದ ಮಾಗಿಯ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ನಾನು ಈ ದಾರಿ ಹಿಡಿದು ಹೊರಟೆ. ಅಲ್ಲಲ್ಲಿ ನಿಂತು, ಕಾಫಿ ಕುಡಿದು, ಅಂಗಡಿಯವರೊಡನೆ ಮಾತಾಡಿ, ಮಧ್ಯಾಹ್ನ ಒಂದರ ಹೊತ್ತಿಗೆ ಮಲ್ಲೇಶ್ವರ ಮುಟ್ಟಿದೆ. ಇದು ಸಾಹಸವೇನೂ ಅಲ್ಲ. ನಮ್ಮ ಅಜ್ಜಂದಿರಿಗೆ ಇದು ಮದುವೆಯ ಕಾಗದ ಹಂಚುವ ದಾರಿ.

ಬಸವನಗುಡಿಯೂ ಮಲ್ಲೇಶ್ವರವೂ ಒಂದೇ ಭಯದಿಂದ ಬೆಳೆದ ಬಡಾವಣೆಗಳು. 1898ರಲ್ಲಿ ಪೇಟೆಗೆ ಪ್ಲೇಗು ಬಡಿದಾಗ, ಇಕ್ಕಟ್ಟಿನ ಓಣಿಗಳಿಂದ ಜನರನ್ನು ಹೊರತಂದು ಗಾಳಿ ಬೆಳಕಿನಲ್ಲಿ ಇರಿಸಬೇಕೆಂದು ಇವು ಹಬ್ಬಿದವು. ಅಗಲವಾದ ಬೀದಿ, ಸಾಲುಮರ, ಅಳೆದು ಎಳೆದಂಥ ಅಡ್ಡರಸ್ತೆಗಳು ಇವುಗಳ ಲಕ್ಷಣ. ಆದರೆ ಬಡಾವಣೆಗೆ ಮುಂಚೆ ಇಲ್ಲಿ ಸುಂಕೇನಹಳ್ಳಿ ಎಂಬ ಹಳ್ಳಿಯಿತ್ತು. ಕಾರ್ತಿಕ ಮಾಸದ ಕಡೆಯ ಸೋಮವಾರ ಸುತ್ತಲ ರೈತರು ಕಡಲೆಕಾಯಿ ತಂದು ಬಸವಣ್ಣನಿಗೆ ಒಪ್ಪಿಸುವ ಪರಿಷೆ, ಆ ಹಳ್ಳಿಗಾಡು ನಮಗೆ ಉಳಿಸಿಹೋದ ನೆನಪು. ಮಾಸ್ತಿಯವರು ಗವಿಪುರದ ತಮ್ಮ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಕೊಡೆ ಹಿಡಿದು ನಡೆದು ಹೋಗುತ್ತಿದ್ದುದನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಅವರ ಕಥೆಗಳಲ್ಲಿ ಎದುರಿಗೆ ಸಿಕ್ಕವರು ನಿಂತು ಮಾತಾಡುತ್ತಾರೆ. ಎದುರಿಗೆ ಯಾರೂ ಸಿಕ್ಕದ ಊರಿನಲ್ಲಿ ಅಂಥ ಕಥೆ ಹುಟ್ಟುವುದು ಹೇಗೆ?

ಅಲ್ಲಿಂದ ಕೋಟೆಯ ಕಡೆ ಬಂದರೆ, ಒಂದಕ್ಕೊಂದು ಒತ್ತಿಕೊಂಡಂತೆ ಕೋಟೆ ವೆಂಕಟರಮಣಸ್ವಾಮಿಯ ಗುಡಿಯೂ ಟಿಪ್ಪುವಿನ ಬೇಸಿಗೆಯ ಅರಮನೆಯೂ ಕಾಣುತ್ತವೆ. ಗುಡಿ ಚಿಕ್ಕದೇವರಾಜ ಒಡೆಯರ ಕಾಲದ್ದು. ಅರಮನೆ ಮುಗಿದದ್ದು 1791ರಲ್ಲಿ. ಕೆಲವು ಹೆಜ್ಜೆ ಮುಂದೆ ಕೋಟೆಯ ಉಳಿದ ಬಾಗಿಲು. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ಒಳನುಗ್ಗಿತು. ಒಡೆದ ಸ್ಥಳದ ಗುರುತಿಗೆ ಅಲ್ಲಿ ಒಂದು ಅಮೃತಶಿಲೆಯ ಫಲಕವಿದೆ. ನಮ್ಮ ಊರು ಸೋತ ಜಾಗವನ್ನು ನಾವು ನೋಡಿಲ್ಲ. ಲಂಡನ್ನಿನ ಕೋಟೆಯನ್ನು ಹಣ ಕೊಟ್ಟು ನೋಡಿ ಬಂದಿದ್ದೇವೆ. ಇವೆಲ್ಲಕ್ಕೂ ಸಮೀಪದಲ್ಲೇ, ಪುರಭವನದ ಕಡೆಯಿಂದ ಸಿರ್ಸಿ ವೃತ್ತದ ಕಡೆಗೆ, 1999ರಲ್ಲಿ ಒಂದು ಮೇಲ್ಸೇತುವೆ ಬಂತು. ಆ ಮೇಲ್ಸೇತುವೆ ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ನಮ್ಮ ಕಣ್ಣಿನಿಂದ ತೆಗೆದುಹಾಕಿತು. ಹೂವಿನ ರಾಶಿ, ವೀಳ್ಯದೆಲೆಯ ಕಟ್ಟು, ಹಮಾಲಿಗಳ ಕೂಗು ಎಲ್ಲವೂ ಕೆಳಗೆ ಉಳಿದವು. ನಾವು ಮೇಲೆ ಹಾರಿ ಹೋದೆವು. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುರಂಗ ತೋಡಿ ಕಾರುಗಳನ್ನು ನೆಲದಡಿಯಲ್ಲಿ ಕಳುಹಿಸುವ ಯೋಜನೆ ಭಾರಿ ಚರ್ಚೆಗೆ ಬಂತು. ಮೇಲೆ ಹಾರಿದ್ದಾಯಿತು, ಇನ್ನು ಕೆಳಗೆ ತೂರುವುದು. ಊರಿನ ನೆಲದ ಮೇಲೆ ಇರುವುದೊಂದೇ ನಮಗೆ ಬೇಡವಾದದ್ದು.

ಮಾರುಕಟ್ಟೆ ದಾಟಿದರೆ ಪೇಟೆ. ತರಗತಿಯಲ್ಲಿ ಒಮ್ಮೆ ಪೇಟೆಗಳ ಹೆಸರು ಹೇಳಿರೆಂದು ಕೇಳಿದೆ. ಚಿಕ್ಕಪೇಟೆ ಎಂದರು. ಎರಡನೆಯ ಹೆಸರಿಗೆ ತಡವರಿಸಿದರು. ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನಲ್ಲಿಯೇ ಆದ ಮಕ್ಕಳು ಅವರು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ: ಇವು ವಿಳಾಸಗಳಷ್ಟೇ ಅಲ್ಲ, ಇದು ಊರನ್ನು ಕಟ್ಟಿದವರ ಹಾಜರಿ ಪುಸ್ತಕ. ಅಕ್ಕಿ ಮಾರಿದವರು, ಮಡಕೆ ಮಾಡಿದವರು, ಎಣ್ಣೆ ತೆಗೆದವರು, ತೋಟ ಬೆಳೆದವರು, ಪ್ರತಿಯೊಬ್ಬರಿಗೂ ಒಂದು ಬೀದಿ. ಅರಳೆಪೇಟೆಗೆ ಹತ್ತಿರದಲ್ಲೇ ಕಾಟನ್‌ಪೇಟೆಯೂ ಇದೆ. ಹತ್ತಿ ಒಂದೇ, ಭಾಷೆ ಎರಡು. ಬಳೇಪೇಟೆಯಲ್ಲಿ ಈಗ ತಬಲ, ವೀಣೆ, ಹಾರ್ಮೋನಿಯಂ ಮಾರುವ ಅಂಗಡಿಗಳಿವೆ. ಕಬ್ಬನ್‌ಪೇಟೆಯ ಓಣಿಗಳು ರೇಷ್ಮೆ ನೇಯುವವರವು. ಇನ್ನು ದೊಡ್ಡಪೇಟೆ? ಅವೆನ್ಯೂ ರೋಡು ಎಂದರೆ ಮಾತ್ರ ನಮಗೆ ಗುರುತು ಹತ್ತುತ್ತದೆ. ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿ, ಎತ್ತುಗಳು ನಡೆದ ದಾರಿಯನ್ನೇ ಬೀದಿಯಾಗಿ ಮಾಡಿ 1537ರಲ್ಲಿ ಕೆಂಪೇಗೌಡರು ಊರು ಕಟ್ಟಿದರೆಂದು ಐತಿಹ್ಯ ಹೇಳುತ್ತದೆ. ಐತಿಹ್ಯ ನಿಜವೋ ಸುಳ್ಳೋ, ಅದರ ಅರ್ಥ ಸ್ಪಷ್ಟವಾಗಿದೆ. ಈ ಊರಿನ ಮೊದಲ ಅಳತೆ ಕಾಲ್ನಡಿಗೆಯದು.

ರಾಜ್ಯೋತ್ಸವದ ವೇದಿಕೆಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಸತ್ತಿತೆಂದು ಗೋಳಾಡುವ ಮಹನೀಯರನ್ನು ಕಂಡಾಗ ಈ ಪೇಟೆಯ ಬೀದಿಯೇ ನನ್ನ ನೆನಪಿಗೆ ಬರುತ್ತದೆ. ಅವರು ಊರನ್ನು ಕಂಡಿರುವುದು ಕಾರಿನ ಗಾಜಿನ ಮೂಲಕ. ಗಾಜಿನ ಮೂಲಕ ಅಂಗಡಿಯ ಹಲಗೆ ಕಾಣುತ್ತದೆ, ಅಂಗಡಿಯೊಳಗಿನ ಮಾತು ಕೇಳಿಸುವುದಿಲ್ಲ. ಅಂದು ತರಗುಪೇಟೆಯಲ್ಲಿ ನಾನು ನಿಂತು ಕೇಳಿದ್ದು ಇದು: ರಾಜಸ್ಥಾನದ ಮೂಲದ ವ್ಯಾಪಾರಿ, ದಖನಿ ಉರ್ದು ಮನೆಮಾತಿನ ಗಾಡಿಯವನು, ತೆಲುಗು ಮನೆಮಾತಿನ ಹಮಾಲಿ, ಈ ಮೂವರೂ ಮೂಟೆಯ ಕೂಲಿಯ ಬಗ್ಗೆ ಜಗಳವಾಡುತ್ತಿದ್ದರು. ಜಗಳವೆಲ್ಲ ಕನ್ನಡದಲ್ಲಿ. ವ್ಯಾಕರಣ ಶುದ್ಧವಿರಲಿಲ್ಲ, ಬೈಗುಳ ಮಾತ್ರ ಶುದ್ಧವಾಗಿತ್ತು. ಕನ್ನಡಕ್ಕೆ ಕಷ್ಟವಿಲ್ಲವೆಂದು ನಾನು ಹೇಳುತ್ತಿಲ್ಲ. ರೋಗಿಯ ನಾಡಿ ಹಿಡಿಯದೆ ಮರಣಪತ್ರ ಬರೆಯಬೇಡಿರಿ ಎನ್ನುತ್ತೇನೆ.

ಪೇಟೆಯ ಜನ ಈ ವಿದ್ಯೆಯನ್ನು ಮರೆತಿಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ಹೊತ್ತವರು ರಾತ್ರಿಯಿಡೀ ಪೇಟೆಯ ಬೀದಿಗಳಲ್ಲಿ ನಡೆಯುತ್ತಾರೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಿನ ಹೊತ್ತಿಗೆ ಗುಡಿಗೆ ಮರಳುತ್ತಾರೆ. ಊರಿನ ದೊಡ್ಡ ಹಬ್ಬವೇ ಒಂದು ನಡಿಗೆ. ವರ್ಷಕ್ಕೊಮ್ಮೆ ಊರನ್ನು ಕಾಲಿನಿಂದ ಓದಿ ಪಾಠ ಒಪ್ಪಿಸುವ ಪದ್ಧತಿ ಅದು. ಅದನ್ನು ನಾವು ದೂರದರ್ಶನದಲ್ಲಿ ನೋಡಿ, ‘ಎಷ್ಟು ಜನಜಂಗುಳಿ!’ ಎಂದು ಮುಖ ಸಿಂಡರಿಸಿ ಮಲಗುತ್ತೇವೆ.

ಕಾಲು ಹೇಳುವ ಚರಿತ್ರೆಯನ್ನು ಗಾಲಿ ಹೇಳಲಾರದು. ಪೇಟೆಯಿಂದ ಮೆಜೆಸ್ಟಿಕ್ಕಿನ ಕಡೆಗೆ ನಡೆದರೆ ನೆಲ ಇಳಿಜಾರಾಗುವುದು ಮೊಣಕಾಲಿಗೆ ತಿಳಿಯುತ್ತದೆ. ಏಕೆ ಇಳಿಯುತ್ತದೆ? ಬಸ್ ನಿಲ್ದಾಣವಿರುವ ಜಾಗ ಧರ್ಮಾಂಬುಧಿ ಕೆರೆಯಾಗಿತ್ತು. ಮಾರುಕಟ್ಟೆಯ ಜಾಗದಲ್ಲಿ ಸಿದ್ಧಿಕಟ್ಟೆಯಿತ್ತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ನಿಂತಿದೆ. ಕೆರೆ ಬತ್ತಿದರೂ ತಗ್ಗು ಉಳಿದಿದೆ. ಮಳೆಯ ನೀರಿಗೆ ತಗ್ಗಿನ ನೆನಪು ಹೋಗಿಲ್ಲ. ನಮಗೆ ಹೋಗಿದೆ. ಮಳೆಗಾಲದಲ್ಲಿ ರಸ್ತೆ ತುಂಬಿದಾಗ ಆಶ್ಚರ್ಯಪಡುವವರು ಯಾರು? ಆ ಇಳಿಜಾರಿನಲ್ಲಿ ಎಂದೂ ನಡೆಯದವರು.

ಮೆಜೆಸ್ಟಿಕ್ಕಿನಿಂದ ಶೇಷಾದ್ರಿಪುರವನ್ನು ಹಾಯ್ದು ಮಲ್ಲೇಶ್ವರಕ್ಕೆ ಏರಿದರೆ ಮತ್ತೆ ಅಗಲ ಬೀದಿ, ಮರ, ಹೂವಿನ ಅಂಗಡಿ. ಶಿವಾಜಿಯ ಸೋದರ ಏಕೋಜಿಯ ಕಾಲದ, 1669ರ ಶಾಸನದಲ್ಲಿ ಇದು ಮಲ್ಲಪುರ. ಇಲ್ಲಿನ ಸಾಹಿತಿಗಳ, ವಿಜ್ಞಾನಿಗಳ ಮನೆಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಮನೆಗಳ ಹಿಂದೆ ಒಂದು ಸಣ್ಣ ಓಣಿ ಇದೆಯಲ್ಲ, ಕನ್ಸರ್ವೆನ್ಸಿ ಓಣಿ ಎನ್ನುತ್ತಾರೆ, ಅದರ ಬಗ್ಗೆ ಬರೆದವರು ಕಡಿಮೆ. ಒಳಚರಂಡಿ ಬರುವ ಮುನ್ನ ಮನೆಮನೆಯ ಮಲವನ್ನು ಹೊತ್ತು ಸಾಗಿಸುವವರು ಮುಂಬೀದಿಯಲ್ಲಿ ಕಾಣಿಸಿಕೊಳ್ಳಬಾರದೆಂದು ಮಾಡಿದ ಹಿಂದಿನ ದಾರಿ ಅದು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ನಮ್ಮ ಮಾದರಿ ಬಡಾವಣೆಯ ನಕ್ಷೆಯಲ್ಲಿಯೇ ಯಾರು ಎಲ್ಲಿ ನಡೆಯಬೇಕೆಂಬ ತೀರ್ಪು ಬರೆದಿತ್ತು. ಮುಂಬೀದಿಯಲ್ಲಿ ಮಾತ್ರ ಕಾರೋಡಿಸುವವನಿಗೆ ಇದು ತಿಳಿಯುವುದಿಲ್ಲ. ಆ ಓಣಿಯಲ್ಲಿ ನಡೆದು ಸವೆದವರ ಹೆಸರು ಯಾವ ಅಡ್ಡರಸ್ತೆಯ ಫಲಕದಲ್ಲೂ ಇಲ್ಲ.

ಈ ತೀರ್ಪು ಈಗ ಹೊಸ ವೇಷ ತೊಟ್ಟು ಬಂದಿದೆ ಎಂದರೆ ವಾಚಕರು ಕೋಪಿಸಿಕೊಳ್ಳಬಾರದು. ಅಂದು ಬಡವನಿಗೆ ಹಿಂದಿನ ಓಣಿಯಾದರೂ ಇತ್ತು. ಇಂದು ಅವನಿಗೆ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ನಿಯಮದಂತೆ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದೆ ನಡೆಯಲು ಕಡಮೆಯೆಂದರೆ 1.8 ಮೀಟರು ಅಗಲ ಬೇಕು. ಎಂಟು ಕಿಲೋಮೀಟರಿನ ನನ್ನ ದಾರಿಯಲ್ಲಿ ಅಷ್ಟು ಅಗಲ, ತಡೆಯಿಲ್ಲದೆ, ನೂರು ಹೆಜ್ಜೆ ಸಿಕ್ಕಿದ್ದು ಅಪರೂಪ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತಿನಲ್ಲಿ ನಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿಯೊಳಗೇ ಇದೆ, ಎಂದರೆ ಬದುಕುವ ಹಕ್ಕಿನ ಭಾಗವೇ ಎಂದು ಹೇಳಿತು. ದೇಶದ ಅತ್ಯುನ್ನತ ನ್ಯಾಯಾಲಯ ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದು ಏನನ್ನು? ಮನುಷ್ಯನಿಗೆ ನಡೆಯುವ ಹಕ್ಕಿದೆ ಎಂಬುದನ್ನು!

ಇದಕ್ಕೆ ಬರುವ ಆಕ್ಷೇಪಣೆಗಳನ್ನು ಬಲ್ಲೆ. ಊರು ನಡೆದು ಮುಗಿಸುವಷ್ಟು ಚಿಕ್ಕದಲ್ಲ ಎನ್ನುತ್ತಾರೆ. ಸರಿಯಷ್ಟೆ. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಕಚೇರಿಗೆ ನಡೆದು ಹೋಗಿರೆಂದು ನಾನು ಹೇಳುತ್ತಿಲ್ಲ. ಮನೆಯಿಂದ ಅರ್ಧ ಮೈಲಿ ದೂರದ ತರಕಾರಿ ಅಂಗಡಿಗೆ ಹೋಗುವಾಗಲೂ ಬಂಡಿ ಏಕೆ ಎಂದು ಕೇಳುತ್ತಿದ್ದೇನೆ.

ಫುಟ್‌ಪಾತನ್ನು ಬೀದಿಬದಿಯ ವ್ಯಾಪಾರಿಗಳು ನುಂಗಿದ್ದಾರೆ ಎಂಬುದು ಇನ್ನೊಂದು ಆಕ್ಷೇಪಣೆ. ನುಂಗಿರುವ ಕಡೆಗಳುಂಟು. ಆದರೆ ಅಂದಿನ ದಾರಿಯಲ್ಲಿ ನಾನು ಕೆಳಗಿಳಿಯಬೇಕಾಗಿ ಬಂದದ್ದು ಸೊಪ್ಪಿನವಳ ಬುಟ್ಟಿಯಿಂದಲ್ಲ. ನಿಂತ ಕಾರು, ಸ್ಕೂಟರು, ವಿದ್ಯುತ್ ಪೆಟ್ಟಿಗೆ, ಅಗೆದು ಬಿಟ್ಟ ಗುಂಡಿ, ಗೇಟಿನ ಮುಂದೆ ಎತ್ತರಿಸಿ ಕಟ್ಟಿದ ಇಳಿಜಾರು, ಇವುಗಳಿಂದಲೇ ಹೆಚ್ಚು. ಸೊಪ್ಪಿನವಳಿಗೆ 2014ರ ಕಾಯಿದೆಯ ರಕ್ಷಣೆಯಾದರೂ ಇದೆ. ಕಾರಿಗೆ ಫುಟ್‌ಪಾತಿನ ಮೇಲೆ ಯಾವ ಕಾಯಿದೆಯ ಹಕ್ಕೂ ಇಲ್ಲ. ಆದರೂ ನಮ್ಮ ಕಣ್ಣಿಗೆ ಬುಟ್ಟಿ ಅತಿಕ್ರಮಣ, ಕಾರು ಅನಿವಾರ್ಯ.

ಹೆಣ್ಣುಮಕ್ಕಳು ಒಂಟಿಯಾಗಿ ನಡೆಯುವುದು ಹೇಗೆ ಎಂಬುದು ಮೂರನೆಯ ಪ್ರಶ್ನೆ, ಮತ್ತು ಎಲ್ಲಕ್ಕಿಂತ ಗುರುತರವಾದ ಪ್ರಶ್ನೆ. ನನ್ನ ವಿದ್ಯಾರ್ಥಿನಿಯರು ಇದನ್ನು ಕೇಳಿದಾಗ ಹಗುರವಾದ ಉತ್ತರ ಕೊಡುವುದು ಸಾಧ್ಯವಿಲ್ಲ. ಆದರೆ ಮನೆಗೆಲಸ ಮುಗಿಸಿ ಸಂಜೆ ಕತ್ತಲಲ್ಲಿ ಹಿಂತಿರುಗುವ ಹೆಣ್ಣುಮಗಳಿಗೆ ಈ ಪ್ರಶ್ನೆ ದಿನವೂ ಇದೆ, ಉತ್ತರಿಸುವವರಿಲ್ಲ. ದೀಪವಿಲ್ಲದ, ಜನವಿಲ್ಲದ ಬೀದಿ ಭಯದ ಬೀದಿ. ದೀಪ ಕೇಳುವುದು ಯಾರ ಕೆಲಸ? ಬೀದಿಯನ್ನು ಜನರಿಂದ ತುಂಬುವುದು ಯಾರ ಕೆಲಸ? ಭಯವಿದ್ದವರೆಲ್ಲ ಕಾರಿನೊಳಗೆ ಸೇರಿಕೊಂಡರೆ, ಕಾರಿಲ್ಲದವಳ ಪಾಲಿಗೆ ಭಯ ಇಮ್ಮಡಿಯಾಗುತ್ತದೆ.

1949ರಲ್ಲಿ ಪೇಟೆ, ದಂಡು ಎಂಬ ಎರಡು ಪುರಸಭೆಗಳನ್ನು ಕೂಡಿಸಿ ಒಂದು ನಗರಸಭೆ ಮಾಡಿದರು. 2025ರಲ್ಲಿ ಮಹಾನಗರ ಪಾಲಿಕೆಯನ್ನು ಒಡೆದು, ಒಂದು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳನ್ನು ಮಾಡಿದರು. ಕೂಡಿಸುವುದೂ ಕಳೆಯುವುದೂ ನಕ್ಷೆಯ ಮೇಲೆ ನಡೆಯುವ ಗಣಿತ. ಚಪ್ಪಡಿ ಕಿತ್ತುಹೋದ ಜಾಗ ಆ ನಕ್ಷೆಯಲ್ಲಿ ಕಾಣುವುದಿಲ್ಲ. ಕಾಣಬೇಕಾದರೆ ಒಂದು ನಿಯಮ ಸಾಕು: ಫುಟ್‌ಪಾತಿನ ಕೆಲಸದ ಬಿಲ್ಲಿಗೆ ರುಜು ಹಾಕುವ ಇಂಜಿನಿಯರು, ಆ ಕೆಲಸಕ್ಕೆ ಪೂಜೆ ಮಾಡುವ ಜನಪ್ರತಿನಿಧಿ, ಇಬ್ಬರೂ ಮೊದಲು ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಲಿ; ಜೊತೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇರಲಿ. ಅಜ್ಜಿ ಕೆಳಗಿಳಿಯಬೇಕಾಗಿ ಬಂದ ಕಡೆ ಬಿಲ್ಲು ನಿಲ್ಲಲಿ. ನಮ್ಮ ಕಾಲೇಜುಗಳೂ ಸುಮ್ಮನಿರಬೇಕಾಗಿಲ್ಲ. ಮೊದಲ ವರ್ಷದ ಮಕ್ಕಳನ್ನು ಒಂದು ದಿನ ಅಧ್ಯಾಪಕರು ಪೇಟೆಯಲ್ಲಿ ನಡೆಸಿಕೊಂಡು ಹೋಗಲಿ. ಪ್ರಾದೇಶಿಕ ಇತಿಹಾಸದ ಒಂದು ಪತ್ರಿಕೆಯಷ್ಟು ಪಾಠ ಅಷ್ಟರಲ್ಲೇ ಆಗುತ್ತದೆ.

ವಾಚಕರಲ್ಲಿ ನನ್ನ ಬೇಡಿಕೆ ಇದಕ್ಕಿಂತ ಸಣ್ಣದು. ತಿಂಗಳಲ್ಲಿ ಒಂದು ದಿನ ಉದ್ಯಾನದ ಸುತ್ತನ್ನು ಬಿಟ್ಟು, ಅಷ್ಟೇ ಹೆಜ್ಜೆಗಳನ್ನು ನೀವು ಎಂದೂ ಹೋಗದ ಒಂದು ಬಡಾವಣೆಯಲ್ಲಿ ಇಡಿರಿ. ಕೈಗಡಿಯಾರದ ಲೆಕ್ಕಕ್ಕೆ ಮೋಸವಾಗುವುದಿಲ್ಲ. ಹೊರಡುವ ಮುನ್ನ ಮಾತ್ರ ಒಂದು ಕೆಲಸ ಮಾಡಿರಿ: ನಿಮ್ಮ ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ನಿಂತಿರುವ ಕಾರನ್ನು ಒಳಗೆ ತೆಗೆದುಕೊಳ್ಳಿರಿ, ಕಬ್ಬಿಣದ ಬೇಲಿಯೊಳಗೆ ಸಾಕಿದ ಕ್ರೋಟನ್ ಗಿಡಗಳ ಕುಂಡಗಳನ್ನೂ ಒಳಗಿಡಿರಿ. ಏಳು ಗಂಟೆಗೆ ನಿಮ್ಮ ಮನೆಗೇ ಕೆಲಸಕ್ಕೆ ಬರುವ ಹೆಂಗಸು ಆ ದಾರಿಯಲ್ಲಿ ನಡೆದು ಬರಬೇಕಾಗಿದೆ.